ಟ್ಯಾಂಕಿನಲ್ಲಿ ಎಷ್ಟಿದೆ, ಎಷ್ಟು ದೂರ ಹೋಗುತ್ತೆ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಾಲೆಯಿಂದ ಫೋನ್ ಬಂದಾಗ ಮೇಡಂ ಹೇಳಿದ್ದು ಇಷ್ಟೇ: "ನೀನು ಇಂಜಿನಿಯರ್ ಆಗಿದ್ದೀಯ, ಮಕ್ಕಳಿಗೆ ಉಪಯೋಗವಾಗುವಂಥದ್ದು ಏನಾದರೂ ಮಾತಾಡಪ್ಪ." ನಾನು ಎರಡು ದಿನ ಯೋಚನೆ ಮಾಡಿದೆ. ಕಂಪ್ಯೂಟರ್ ಬಗ್ಗೆ ಮಾತಾಡಬಹುದಿತ್ತು. ಆದರೆ ಅದರ ಬಗ್ಗೆ ಈ ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತು. ಹಾಗಾಗಿ ನನ್ನ ಕೆಲಸ ಬಿಟ್ಟು ನನ್ನ ಹುಚ್ಚಿನ ಬಗ್ಗೆ ಮಾತಾಡುತ್ತೇನೆ. ನನ್ನ ಹುಚ್ಚು ಬೈಕ್. ರಜಾ ಸಿಕ್ಕಿದರೆ ಬ್ಯಾಗ್ ಕಟ್ಟಿ ಹೊರಟುಬಿಡುತ್ತೇನೆ. ಅದರಲ್ಲೂ ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ: ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಉಳಿದಿದೆ, ಅದರಲ್ಲಿ ಎಷ್ಟು ದೂರ ಹೋಗಬಹುದು? ಚಿಕ್ಕ ಪ್ರಶ್ನೆ ಅನ್ನಿಸುತ್ತೆ. ಈ ಪ್ರಶ್ನೆಯನ್ನು ಸರಿಯಾಗಿ ಬಿಡಿಸುವುದನ್ನು ನಾನು ಕಲಿತದ್ದು ಇದೇ ಶಾಲೆಯಲ್ಲಿ. ಬಿ.ಇ. ಮಾಡಿದ ಮೇಲೆ ಅದನ್ನು ಮರೆತೆ. ಮರೆತದ್ದಕ್ಕೆ ಏನಾಯಿತು ಎಂಬುದೇ ಇವತ್ತಿನ ಕಥೆ.

ಮೊದಲು ನಮ್ಮಪ್ಪನ ಮೊಪೆಡ್ ವಿಷಯ. ಅಪ್ಪ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದರು. ಓದಿದ್ದು ಏಳನೇ ತರಗತಿ. ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾದು ಕಾದು ಸಾಕಾಗಿ ಒಂದು ಹಳೇ ಮೊಪೆಡ್ ತಗೊಂಡಿದ್ದರು. ಟ್ಯಾಂಕ್ ತುಂಬಿಸುವಷ್ಟು ದುಡ್ಡು ಒಟ್ಟಿಗೆ ಕೈಯಲ್ಲಿ ಇರುತ್ತಿರಲಿಲ್ಲ. ಒಂದು ಲೀಟರ್, ಎರಡು ಲೀಟರ್, ಸಂಬಳದ ದಿನ ನಾಲ್ಕು ಲೀಟರ್. ಆದರೆ ಅವರ ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ನೋಟ್‌ಬುಕ್, ಒಂದು ಮೋಟು ಪೆನ್ಸಿಲ್. ಪೆಟ್ರೋಲ್ ಹಾಕಿಸಿದಾಗೆಲ್ಲ ಅದರಲ್ಲಿ ಬರೆಯುವರು.

ಆ ಕಾಲದ ಗಾಡಿಗಳನ್ನು ಓಡಿಸಿದ ಹಿರಿಯರಿಗೆ ಗೊತ್ತು, ಟ್ಯಾಂಕಿನ ಕೆಳಗೆ ಒಂದು ನಲ್ಲಿ ಇರುತ್ತಿತ್ತು: ಆನ್, ಆಫ್, ರಿಸರ್ವ್. ಮಕ್ಕಳಿಗೆ ಹೇಳುತ್ತೇನೆ ಕೇಳಿ. ಆ ನಲ್ಲಿಯಿಂದ ಟ್ಯಾಂಕಿನೊಳಕ್ಕೆ ಎರಡು ದಾರಿ. ಒಂದು ಉದ್ದನೆಯ ಕೊಳವೆ, ಒಂದು ಗಿಡ್ಡ. ನಲ್ಲಿ ಆನ್‌ನಲ್ಲಿದ್ದಾಗ ಪೆಟ್ರೋಲ್ ಉದ್ದ ಕೊಳವೆಯ ಬಾಯಿಂದ ಇಳಿಯುತ್ತೆ. ಮಟ್ಟ ಆ ಬಾಯಿಗಿಂತ ಕೆಳಗೆ ಹೋದಾಗ ಇಂಜಿನ್ ಕೆಮ್ಮುತ್ತೆ. ಆಗ ಬಗ್ಗಿ ನಲ್ಲಿಯನ್ನು ರಿಸರ್ವ್‌ಗೆ ತಿರುಗಿಸಿದರೆ ಗಿಡ್ಡ ಕೊಳವೆಯಿಂದ ತಳದಲ್ಲಿರುವ ಪೆಟ್ರೋಲ್ ಬರುತ್ತೆ. ಬೇರೆ ಟ್ಯಾಂಕ್ ಏನೂ ಇಲ್ಲ, ಅದೇ ಟ್ಯಾಂಕಿನ ತಳ. ಮೈಸೂರಿನಲ್ಲೇ 1961ರಿಂದ ತಯಾರಾಗುತ್ತಿದ್ದ ಜಾವಾ, ಆಮೇಲೆ ಬಂದ ಯೆಜ್ಡಿ, ಎಲ್ಲದರಲ್ಲೂ ಇದೇ ಏರ್ಪಾಡು. ಮುಳ್ಳಿಲ್ಲ, ದೀಪವಿಲ್ಲ. ಇಂಜಿನ್ ಕೆಮ್ಮುವುದೇ ಎಚ್ಚರಿಕೆ.

ಅಪ್ಪ ಇದನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಮೈಲೇಜ್ ನೋಡಬೇಕಾದರೆ ಫುಲ್ ಟ್ಯಾಂಕ್ ಮಾಡಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಅಪ್ಪ ಫುಲ್ ಟ್ಯಾಂಕ್ ಮಾಡಿಸದೇ ಲೆಕ್ಕ ಹಾಕುತ್ತಿದ್ದರು. ರಿಸರ್ವ್‌ಗೆ ತಿರುಗಿಸಿದ ಕ್ಷಣದ ಕಿಲೋಮೀಟರ್ ಬರೆಯುವುದು. ಆಮೇಲೆ ಎಷ್ಟು ಲೀಟರ್ ಹಾಕಿಸಿದೆ ಅಂತ ಬರೆಯುವುದು. ನಲ್ಲಿಯನ್ನು ಮತ್ತೆ ಆನ್‌ಗೆ ತರುವುದು. ಮುಂದಿನ ಸಲ ರಿಸರ್ವ್‌ಗೆ ಬಂದಾಗ ಮತ್ತೆ ಕಿಲೋಮೀಟರ್ ಬರೆಯುವುದು. ಎರಡು ರಿಸರ್ವ್‌ಗಳ ನಡುವೆ ಹಾಕಿಸಿದ್ದಷ್ಟೂ ಖರ್ಚಾಗಿದೆ, ಯಾಕೆಂದರೆ ಮಟ್ಟ ಮತ್ತೆ ಅದೇ ಗುರುತಿಗೆ ಬಂದಿದೆ. ಮೇಲಿನ ಗುರುತಿನ ಬದಲು ಕೆಳಗಿನ ಗುರುತು, ಅಷ್ಟೇ. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಗಣಿತದ ಮೇಷ್ಟ್ರು ಸರಾಸರಿ ಪಾಠ ಮಾಡುತ್ತಾ, ನಿಮ್ಮ ನಿಮ್ಮ ಮನೆಯಿಂದ ಅಂಕಿಗಳನ್ನು ತನ್ನಿ ಅಂದರು. ಒಬ್ಬ ಹಾಲಿನ ಲೆಕ್ಕ ತಂದ, ಒಬ್ಬಳು ಅಮ್ಮ ಗಾರ್ಮೆಂಟ್ಸಿನಲ್ಲಿ ದಿನಕ್ಕೆ ಹೊಲಿಯುವ ಪೀಸುಗಳ ಲೆಕ್ಕ ತಂದಳು. ನಾನು ಅಪ್ಪನ ನೋಟ್‌ಬುಕ್ಕಿನ ಎರಡು ಸಾಲು ತಂದೆ. 2 ಲೀಟರ್‌ಗೆ 110 ಕಿಲೋಮೀಟರ್, ಅಂದರೆ ಲೀಟರ್‌ಗೆ 55. ಇನ್ನೊಂದು ಸಲ 4 ಲೀಟರ್‌ಗೆ 160, ಅಂದರೆ ಲೀಟರ್‌ಗೆ 40. ಆ ಎರಡನೇ ಸಲ ಅಮ್ಮನನ್ನೂ ಒಂದು ಮೂಟೆ ರಾಗಿಯನ್ನೂ ಕೂರಿಸಿಕೊಂಡು ಮಾಗಡಿ ಕಡೆಯಿಂದ ಬಂದಿದ್ದರು. ನಾನು ಬೋರ್ಡಿನ ಮೇಲೆ ಜೋರಾಗಿ ಬರೆದೆ: 55ಕ್ಕೆ 40 ಕೂಡಿಸಿ ಎರಡರಿಂದ ಭಾಗಿಸಿದರೆ 47.5.

ಮೇಷ್ಟ್ರು ಕೇಳಿದರು, "4 ಲೀಟರ್ ಹಾಕಿಸಿದರೆ ನಿಮ್ಮಪ್ಪ ಎಷ್ಟು ದೂರ ಹೋಗ್ತಾರೆ?"

"190 ಸಾರ್."

"ಈಗ ಒಟ್ಟು ದೂರ ಕೂಡಿಸು, ಒಟ್ಟು ಲೀಟರ್ ಕೂಡಿಸು, ಭಾಗಿಸು."

270 ಕಿಲೋಮೀಟರ್, 6 ಲೀಟರ್. 45 ಬಂತು. 4 ಲೀಟರ್‌ಗೆ 180.

"ಉಳಿದ ಹತ್ತು ಕಿಲೋಮೀಟರ್ ಗಾಡಿ ಯಾರು ತಳ್ಳುತ್ತಾರೆ, ನೀನಾ?"

ಇಡೀ ತರಗತಿ ನಕ್ಕಿತು. ನನಗೆ ಅವತ್ತು ಅವಮಾನವಾಯಿತು. ಸರಾಸರಿಗಳ ಸರಾಸರಿ ತೆಗೆಯಬಾರದು, ಒಟ್ಟನ್ನು ಒಟ್ಟಿನಿಂದ ಭಾಗಿಸಬೇಕು ಎಂಬ ಈ ಪಾಠವನ್ನು ನಾನು ಇವತ್ತಿಗೂ ಆಫೀಸಿನಲ್ಲಿ ಬಳಸುತ್ತೇನೆ. ಈ ತಪ್ಪನ್ನು ದೊಡ್ಡ ದೊಡ್ಡ ಪದವಿ ಇರುವವರು ಮಾಡುವುದನ್ನೂ ನೋಡಿದ್ದೇನೆ.

ಈಗ ಕಥೆಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಟೂರಿಂಗ್ ಬೈಕ್ ತಗೊಂಡೆ. 15 ಲೀಟರ್ ಟ್ಯಾಂಕ್, ಡಿಜಿಟಲ್ ಮೀಟರ್. ಅಪ್ಪನಿಗೆ ಬಹಳ ದಿನದಿಂದ ಹೊರನಾಡಿಗೆ ಹೋಗಬೇಕು ಅಂತ ಆಸೆ. ಆಗ ಅವರಿಗೆ 64. ಸಕ್ಕರೆ ಕಾಯಿಲೆ ಇದೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಬಸ್ಸಿನಲ್ಲಿ ಹೋಗೋಣ ಅಂದರು. ನಾನು ಕೇಳಲಿಲ್ಲ. ಹೊಸ ಗಾಡಿ, ಹಿಂದೆ ಅಪ್ಪನನ್ನು ಕೂರಿಸಿಕೊಂಡು ಹೋಗುವ ಸಂಭ್ರಮ.

ಹೊರಡುವ ಹಿಂದಿನ ರಾತ್ರಿ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಮಾಡಿದೆ. 15 ಲೀಟರ್, ಲೀಟರ್‌ಗೆ 32 ಕಿಲೋಮೀಟರ್, ಒಟ್ಟು 480. ಸುಂಕದಕಟ್ಟೆಯಿಂದ ಹೊರನಾಡು ಸುಮಾರು 320. ಅಲ್ಲಿಂದ ಕಳಸ, ಕುದುರೆಮುಖ ದಾಟಿ ಕಾರ್ಕಳ ಮುಟ್ಟಿದರೂ 400ರ ಆಸುಪಾಸು. ಇನ್ನೂ 80 ಕಿಲೋಮೀಟರ್ ಮಿಗುತ್ತೆ. ಪಟ್ಟಿಗೆ ಬಣ್ಣ ಬೇರೆ ಹಾಕಿದ್ದೆ.

ಬೆಳಗ್ಗೆ ಐದಕ್ಕೆ ಮಾಗಡಿ ರಸ್ತೆಯ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಹಿಡಿದು ಹೋದೆವು. ಹಾಸನದವರೆಗೆ ಒಳ್ಳೇ ರಸ್ತೆ, ನೂರರ ವೇಗ. ಕೊಟ್ಟಿಗೆಹಾರದಿಂದ ಮಳೆ, ತಿರುವು, ಎರಡನೇ ಗೇರು, ಮೂರನೇ ಗೇರು. ಅನ್ನಪೂರ್ಣೇಶ್ವರಿಯ ದರ್ಶನ ಆಯಿತು, ಪ್ರಸಾದ ಆಯಿತು. ಅಪ್ಪ ಬಹಳ ಸಂತೋಷವಾಗಿದ್ದರು. ವಾಪಸ್ ಕಳಸಕ್ಕೆ ಬಂದಾಗ ಮೀಟರಿನಲ್ಲಿ ಒಂದೇ ಗೀಟು ಉಳಿದಿತ್ತು.

ಅಪ್ಪ ಅಂದರು, "ಇಲ್ಲೇ ಹಾಕಿಸಿಬಿಡಪ್ಪ. ಮುಂದೆ ಕಾಡು."

ನಾನು ಅಂದೆ, "ಲೆಕ್ಕ ಹಾಕಿದ್ದೀನಪ್ಪ. ಇನ್ನೂ 150 ಕಿಲೋಮೀಟರ್ ಹೋಗುತ್ತೆ."

ಅವರು ಮತ್ತೆ ಮಾತಾಡಲಿಲ್ಲ. ಬಿ.ಇ. ಓದಿದ ಮಗನಿಗೆ ಏನು ಹೇಳೋದು ಅಂತ ಸುಮ್ಮನಾದರೋ ಏನೋ.

ಕುದುರೆಮುಖ ಪಟ್ಟಣ ನೋಡಿದವರಿಗೆ ಗೊತ್ತು. 2005ರ ಕೊನೆಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತಿತು, ಜನ ಹೊರಟುಹೋದರು. ಅದನ್ನು ದಾಟಿದರೆ ರಾಷ್ಟ್ರೀಯ ಉದ್ಯಾನ, ಎರಡೂ ಕಡೆ ಶೋಲಾ ಕಾಡು, ಹುಲ್ಲುಗಾವಲು. ಗಾಡಿ ನಿಲ್ಲಿಸಬೇಡಿ ಎಂಬ ಫಲಕಗಳು. ಅಲ್ಲಿ ಎಚ್ಚರಿಕೆಯ ದೀಪ ಹತ್ತಿತು. ಇಳಿಜಾರಿನಲ್ಲಿ ಇದ್ದೀವಿ, ಪೆಟ್ರೋಲ್ ಮುಂದಕ್ಕೆ ಓಡಿರುತ್ತೆ, ಅದಕ್ಕೇ ದೀಪ ಹತ್ತಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಟ್ರಿಪ್ ಮೀಟರ್ 364 ತೋರಿಸುವಾಗ ಇಂಜಿನ್ ಎರಡು ಸಲ ಜಗ್ಗಿ ನಿಂತುಹೋಯಿತು. ಸಂಜೆ ಐದೂವರೆ. ಮಳೆ, ಮಂಜು. ಫೋನಿಗೆ ಸಿಗ್ನಲ್ ಇಲ್ಲ. ಡಬ್ಬಿಯಲ್ಲಿದ್ದ ಚಪಾತಿ ಮಧ್ಯಾಹ್ನವೇ ಮುಗಿದಿತ್ತು. ಅಪ್ಪನ ಕೈ ಸಣ್ಣಗೆ ನಡುಗುತ್ತಿತ್ತು. ಚಳಿಗೋ, ಸಕ್ಕರೆ ಇಳಿದೋ ಗೊತ್ತಾಗಲಿಲ್ಲ. ಅವತ್ತು ನನಗೆ ಆದ ಭಯವನ್ನು ಇಲ್ಲಿ ನಿಂತು ವಿವರಿಸಲಾರೆ.

ನಾನು ಸ್ಟಾರ್ಟರ್ ಒತ್ತುತ್ತಲೇ ಇದ್ದೆ. ಅಪ್ಪ ಕೈ ಹಿಡಿದು ನಿಲ್ಲಿಸಿದರು. "ಬ್ಯಾಟರಿ ಹಾಳಾಗುತ್ತೆ. ವಾಲಿಸು ಗಾಡಿನ." ವರ್ಕ್‌ಶಾಪಿನ ಮಾಲೀಕರ ಯೆಜ್ಡಿಯಲ್ಲಿ ಅವರು ಇದನ್ನು ಎಷ್ಟೋ ಸಲ ಮಾಡಿದ್ದರಂತೆ. ಬೈಕಿನ ಟ್ಯಾಂಕ್ ಕುದುರೆಯ ಬೆನ್ನಿನ ಮೇಲೆ ಹಾಕಿದ ಜೋಡಿ ಚೀಲದಂತೆ. ನಡುವೆ ಚಾಸಿಯ ಕಂಬಿ ಹಾದುಹೋಗುತ್ತೆ, ಪೆಟ್ರೋಲ್ ಎರಡೂ ಕಡೆಗೆ ಇಳಿಬಿದ್ದಿರುತ್ತೆ. ಮಟ್ಟ ಆ ದಿಬ್ಬಕ್ಕಿಂತ ಕೆಳಗೆ ಹೋದ ಮೇಲೆ ಒಂದು ಕಡೆಯದು ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ. ಪಂಪ್ ಇರುವ ಕಡೆ ಖಾಲಿಯಾದರೂ ಆ ಕಡೆ ಸ್ವಲ್ಪ ಉಳಿದಿರುತ್ತೆ. ಇಬ್ಬರೂ ಸೇರಿ ಬೈಕನ್ನು ಪೂರ್ತಿ ವಾಲಿಸಿ, ಅರ್ಧ ನಿಮಿಷ ಹಿಡಿದು, ಎತ್ತಿ ನಿಲ್ಲಿಸಿದೆವು. ಇಂಜಿನ್ ಹತ್ತಿತು. ಎರಡು ಮೂರು ಕಿಲೋಮೀಟರ್ ಅಷ್ಟೇ. ಅದು ಅರಣ್ಯ ಇಲಾಖೆಯ ಗೇಟಿನವರೆಗೆ ಸಾಕಾಯಿತು.

ಅಲ್ಲಿದ್ದ ಗಾರ್ಡ್ ಅಪ್ಪನಿಗೆ ಬಿಸಿ ಚಹಾ, ಒಂದು ಪ್ಯಾಕೆಟ್ ಗ್ಲೂಕೋಸ್ ಬಿಸ್ಕತ್ತು ಕೊಟ್ಟರು. ಆ ಕಡೆಯಿಂದ ಬಂದ ಒಬ್ಬ ಹುಡುಗ ತನ್ನ ಬೈಕಿನಿಂದ ಪೈಪ್ ಹಾಕಿ ಒಂದು ಲೀಟರ್ ತೆಗೆದುಕೊಟ್ಟ. ದುಡ್ಡು ತಗೊಳ್ಳಲಿಲ್ಲ. "ಅಜ್ಜರನ್ನು ಬೇಗ ಕರ್ಕೊಂಡು ಹೋಗಿ" ಅಂದ, ಅಷ್ಟೇ. ಬಜಗೋಳಿಯಲ್ಲಿ ಬೆಳಕು ಕಂಡಾಗ ನನಗೆ ಉಸಿರು ಬಂತು.

ಅವತ್ತು ರಾತ್ರಿ ಕಾರ್ಕಳದ ಲಾಡ್ಜಿನಲ್ಲಿ ಅಪ್ಪ ಊಟ ಮಾಡಿ ಮಲಗಿದ ಮೇಲೆ ನನ್ನ ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ. ಎಲ್ಲಿ ತಪ್ಪಿತು? ಗುಣಾಕಾರ ಸರಿಯಾಗಿಯೇ ಇತ್ತು. ಗುಣಿಸಿದ ಎರಡು ಅಂಕಿಗಳೂ ತಪ್ಪು.

ಮೊದಲನೆಯದು, 15 ಲೀಟರ್. ಅದು ಪುಸ್ತಕದಲ್ಲಿರುವ ಅಂಕಿ. ನಾನು ಬೈಕನ್ನು ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿ ನಿಲ್ಲಿಸಿ ಪೆಟ್ರೋಲ್ ಹಾಕಿಸಿದ್ದೆ. ವಾಲಿದ ಟ್ಯಾಂಕಿನ ಒಂದು ಕಡೆ ಗಾಳಿ ಉಳಿಯುತ್ತೆ, ಬಂಕಿನ ಗನ್ ಬೇಗ ನಿಂತುಬಿಡುತ್ತೆ. ಜೊತೆಗೆ ತಳದಲ್ಲಿ ಪಂಪ್ ಎಳೆಯಲಾಗದ ಸ್ವಲ್ಪ ಯಾವಾಗಲೂ ಇರುತ್ತೆ. ನಿಜವಾಗಿ ನನ್ನ ಬಳಕೆಗೆ ಸಿಕ್ಕಿದ್ದು ಹದಿಮೂರೂವರೆ ಲೀಟರ್.

ಎರಡನೆಯದು, 32. ಅದು ನಾನೊಬ್ಬನೇ, ಬ್ಯಾಗಿಲ್ಲದೆ, ತುಮಕೂರು ರಸ್ತೆಯಲ್ಲಿ ಎಪ್ಪತ್ತರಲ್ಲಿ ಹೋದ ದಿನದ ಅಂಕಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ ಅಂತ ಓದಿದ್ದೇವೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಭಾಗ ಹೆಚ್ಚು, ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಹಿಂದೆ ಒಬ್ಬರು, ಎರಡು ಬ್ಯಾಗು, ಘಾಟಿ, ಮಳೆ. ಅವತ್ತಿನ ನಿಜವಾದ ಮೈಲೇಜ್ 27. ಹದಿಮೂರೂವರೆಯನ್ನು 27ರಿಂದ ಗುಣಿಸಿ ನೋಡಿ: 364 ಚಿಲ್ಲರೆ. ಬೈಕ್ ಸರಿಯಾಗಿ ಆ ಜಾಗದಲ್ಲೇ ನಿಂತಿತ್ತು. ಗಣಿತ ಸುಳ್ಳು ಹೇಳಿರಲಿಲ್ಲ.

ಮೀಟರ್ ಆದರೂ ಸರಿಯಾಗಿ ಹೇಳಬೇಕಿತ್ತಲ್ಲ ಅನ್ನಬಹುದು. ಟ್ಯಾಂಕಿನೊಳಗೆ ಒಂದು ಕಡ್ಡಿಯ ತುದಿಯಲ್ಲಿ ಬೆಂಡು ತೇಲುತ್ತಿರುತ್ತೆ. ಅದು ಏರಿಳಿದಂತೆ ವಿದ್ಯುತ್ತಿನ ರೋಧ ಬದಲಾಗುತ್ತೆ, ಮೀಟರ್ ಅದನ್ನು ಗೀಟುಗಳಾಗಿ ತೋರಿಸುತ್ತೆ. ಬೆಂಡು ಅಳೆಯುವುದು ಎತ್ತರವನ್ನು, ಲೀಟರನ್ನಲ್ಲ. ಟ್ಯಾಂಕ್ ಡಬ್ಬದಂತೆ ನೇರವಾಗಿದ್ದರೆ ಎರಡೂ ಒಂದೇ. ಆದರೆ ಬೈಕಿನ ಟ್ಯಾಂಕ್ ಮೇಲೆ ಅಗಲ, ಕೆಳಗೆ ಕಿರಿದು, ನಡುವೆ ಗುಹೆ. ಹಾಗಾಗಿ ಮೊದಲ ಗೀಟು ಇಳಿಯಲು ನೂರು ಕಿಲೋಮೀಟರ್ ಆದರೂ ಕೊನೆಯ ಗೀಟು ಮೂವತ್ತಕ್ಕೇ ಮುಗಿಯಬಹುದು. ಏರಿನಲ್ಲಿ ಒಂದು ತೋರಿಸುತ್ತೆ, ಇಳಿಜಾರಿನಲ್ಲಿ ಇನ್ನೊಂದು, ಸೈಡ್ ಸ್ಟ್ಯಾಂಡಿನಲ್ಲಿ ಮತ್ತೊಂದು. ಇನ್ನು ಕೆಲವು ಬೈಕುಗಳು ಇಷ್ಟು ಕಿಲೋಮೀಟರ್ ಹೋಗಬಹುದು ಅಂತ ಅಂಕಿಯನ್ನೇ ತೋರಿಸುತ್ತವೆ. ಅದು ಇಲ್ಲಿಯವರೆಗೆ ಬಂದ ರಸ್ತೆಯ ಲೆಕ್ಕ. ಮುಂದೆ ಘಾಟಿ ಇದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಇಂಥ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವವರು ನನ್ನಂಥವರೇ, ಅದಕ್ಕೇ ಹೇಳುತ್ತಿದ್ದೇನೆ.

ಇಂಥ ತಪ್ಪು ನನ್ನೊಬ್ಬನದೇ ಅಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. 1983ರ ಜುಲೈ 23ರಂದು ಏರ್ ಕೆನಡಾದ ಒಂದು ಬೋಯಿಂಗ್ 767 ವಿಮಾನ 41,000 ಅಡಿ ಎತ್ತರದಲ್ಲಿ ಇಂಧನ ಮುಗಿದು ಎರಡೂ ಇಂಜಿನ್ ನಿಂತುಹೋದವು. ಇಂಧನದ ಮೀಟರ್ ಕೆಟ್ಟಿತ್ತು, ಅಳತೆ ಕಡ್ಡಿಯಿಂದ ಅಳೆದು ಲೆಕ್ಕ ಹಾಕಿದ್ದರು. ಲೀಟರನ್ನು ಕಿಲೋಗ್ರಾಂಗೆ ಬದಲಾಯಿಸುವಾಗ ಪೌಂಡಿನ ಅಂಕಿಯಿಂದ ಗುಣಿಸಿಬಿಟ್ಟಿದ್ದರು. 22,300 ಕಿಲೋಗ್ರಾಂ ಬೇಕಿದ್ದ ಕಡೆ ಇದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. ಪೈಲಟ್ ವಿಮಾನವನ್ನು ಗಾಳಿಯಲ್ಲೇ ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. 69 ಜನರೂ ಬದುಕಿದರು. ಮಕ್ಕಳೇ, ಉತ್ತರದ ಮುಂದೆ ಮಾನ ಬರೆಯದಿದ್ದರೆ ಮೇಷ್ಟ್ರು ಅರ್ಧ ಅಂಕ ಯಾಕೆ ಕಳೆಯುತ್ತಾರೆ ಅಂತ ಈಗ ಗೊತ್ತಾಯಿತಲ್ಲ?

ಈಗ ನಾನು ಏನು ಮಾಡುತ್ತೇನೆ ಅಂತ ಹೇಳಿ ಮುಗಿಸುತ್ತೇನೆ. ಬೈಕ್ ಇರುವ ಅಣ್ಣಂದಿರು ಸ್ವಲ್ಪ ಗಮನವಿಟ್ಟು ಕೇಳಿ.

ಪ್ರತಿ ಸಲವೂ ಒಂದೇ ರೀತಿ ತುಂಬಿಸುತ್ತೇನೆ, ಗಾಡಿಯನ್ನು ನೇರವಾಗಿ ನಿಲ್ಲಿಸಿ. ಬಾಯಿವರೆಗೆ ತುಂಬಿಸುವುದಿಲ್ಲ, ಪೆಟ್ರೋಲ್ ಬಿಸಿಲಿಗೆ ಹಿಗ್ಗಲು ಜಾಗ ಬೇಕು. ತುಂಬಿಸಿದ ಕೂಡಲೇ ಟ್ರಿಪ್ ಮೀಟರ್ ಸೊನ್ನೆಗೆ ತರುತ್ತೇನೆ. ಲೀಟರ್, ಕಿಲೋಮೀಟರ್ ಬರೆಯುತ್ತೇನೆ. ಒಂದು ಸಲದ ಮೈಲೇಜನ್ನು ನಂಬುವುದಿಲ್ಲ, ಐದು ಸಲದ ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸುತ್ತೇನೆ. ಹೆದ್ದಾರಿಯದು ಬೇರೆ, ಘಾಟಿಯದು ಬೇರೆ. ಈಗ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ, ಶೇ. 20ರವರೆಗೂ. ಎಥನಾಲಿನಲ್ಲಿ ಲೀಟರ್‌ಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಹಳೆಯ ಅಂಕಿಗಳನ್ನು ಮತ್ತೆ ತೆಗೆದು ನೋಡಬೇಕು.

ದೂರ ಲೆಕ್ಕ ಹಾಕುವಾಗ ಒಳ್ಳೆಯ ದಿನದ ಅಂಕಿ ಹಿಡಿಯುವುದಿಲ್ಲ, ಕೆಟ್ಟ ದಿನದ್ದನ್ನು ಹಿಡಿಯುತ್ತೇನೆ. ಹದಿಮೂರೂವರೆ ಲೀಟರ್, ಲೀಟರ್‌ಗೆ 25, ಅಂದರೆ 337. ಅದರಲ್ಲೂ ಕಾಲು ಭಾಗ ಇಲ್ಲವೇ ಇಲ್ಲ ಅಂದುಕೊಳ್ಳುತ್ತೇನೆ. ಉಳಿದದ್ದು 250. ಟ್ರಿಪ್ ಮೀಟರ್ 250 ತೋರಿಸುವಷ್ಟರಲ್ಲಿ ಎಲ್ಲಾದರೂ ತುಂಬಿಸಿರಬೇಕು. ಮೀಟರ್ ಒಂದು ಹೇಳಿ, ನನ್ನ ಲೆಕ್ಕ ಇನ್ನೊಂದು ಹೇಳಿದರೆ, ಎರಡರಲ್ಲಿ ಯಾವುದು ಕಡಿಮೆ ಹೇಳುತ್ತೋ ಅದನ್ನು ನಂಬುತ್ತೇನೆ.

ಕಾಡು, ಘಾಟಿ, ರಾತ್ರಿ, ಈ ಮೂರರ ಮುಂದೆ ಅರ್ಧ ಟ್ಯಾಂಕ್ ಇದ್ದರೂ ತುಂಬಿಸುತ್ತೇನೆ. ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಂಚಾರ ನಿಷೇಧ ಇದೆ. ಅಂಥ ಕಡೆ ನಿಂತುಹೋದರೆ ಸಹಾಯಕ್ಕೆ ಯಾರು ಬರುತ್ತಾರೆ? ಲಡಾಖಿಗೆ ಹೋಗುವವರಿಗೆ ಹಿಮಾಚಲದ ತಾಂಡಿಯ ಬಂಕ್ ಗೊತ್ತು. ಮುಂದಿನ ಬಂಕ್ 365 ಕಿಲೋಮೀಟರ್ ದೂರ ಎಂಬ ಅಲ್ಲಿನ ಫಲಕ ಒಂದು ಕಾಲಕ್ಕೆ ಬಹಳ ಪ್ರಸಿದ್ಧವಾಗಿತ್ತು. ನನ್ನ 337ರ ಲೆಕ್ಕಕ್ಕೆ ಅದು ಎಟುಕುತ್ತಿರಲಿಲ್ಲ. ಅಂಥ ದಾರಿಗೆ ಭದ್ರವಾದ ಕ್ಯಾನಿನಲ್ಲಿ ಹೆಚ್ಚುವರಿ ಪೆಟ್ರೋಲ್ ಬೇಕೇ ಬೇಕು ಅಂತ ಮನೆಯಲ್ಲೇ ಗೊತ್ತಾಗಬೇಕು, ದಾರಿಯಲ್ಲಲ್ಲ.

ಕೊನೆಯದಾಗಿ, ಖಾಲಿಯಾಗುವವರೆಗೆ ಓಡಿಸಿ ನೋಡೋಣ ಅನ್ನಬೇಡಿ. ಈಗಿನ ಗಾಡಿಗಳಲ್ಲಿ ರಿಸರ್ವ್ ನಲ್ಲಿ ಇಲ್ಲ. ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇರುತ್ತೆ, ಅದನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ಪದೇ ಪದೇ ಖಾಲಿ ಓಡಿಸಿದರೆ ಪಂಪ್ ಸುಡುತ್ತೆ. ಹಾಗೆಯೇ ಉಳಿಸೋಣ ಅಂತ ಘಾಟಿ ಇಳಿಯುವಾಗ ಇಂಜಿನ್ ಆಫ್ ಮಾಡಬೇಡಿ. ಇಂಜಿನ್ನಿನ ಹಿಡಿತವಿಲ್ಲದೆ ಬ್ರೇಕ್ ಒಂದನ್ನೇ ನಂಬಿ ತಿರುವು ಇಳಿಯುವುದು ಪೆಟ್ರೋಲಿಗಿಂತ ದುಬಾರಿ.

ನಮ್ಮ ಊರಿನ ಹೆಸರಿನಲ್ಲೇ ಸುಂಕ ಇದೆ. ಕಟ್ಟೆಯಲ್ಲಿ ಸುಂಕ ಕಟ್ಟಿ ಮುಂದೆ ಹೋಗಬೇಕು. ಕಳಸದಲ್ಲಿ ನಾನು ಹತ್ತು ನಿಮಿಷ ಕಟ್ಟಲಿಲ್ಲ, ಕಾಡಿನಲ್ಲಿ ಎರಡು ಗಂಟೆ ಕಟ್ಟಿದೆ. ಅದನ್ನೂ ನನ್ನ ಬದಲು ಅಪ್ಪ ಕಟ್ಟಿದರು.

ಅಪ್ಪ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಆ ರಾತ್ರಿಯ ಬಗ್ಗೆ ಅವರು ನನಗೆ ಇವತ್ತಿನವರೆಗೂ ಒಂದು ಮಾತು ಅಂದಿಲ್ಲ. ಬೆಂಗಳೂರಿಗೆ ಬಂದ ಮೇಲೆ ಅಂಗಡಿಯಿಂದ ಒಂದು ಪುಟ್ಟ ನೋಟ್‌ಬುಕ್ ತಂದು ನನ್ನ ಬೈಕಿನ ಬ್ಯಾಗಿನಲ್ಲಿ ಇಟ್ಟಿದ್ದರು. ಮೊದಲ ಪುಟದಲ್ಲಿ ಅವರದೇ ಅಕ್ಷರ: "ಎಸ್.ಕೆ. ಬಾರ್ಡರ್ ಗೇಟ್. 1 ಲೀಟರ್. ಸಾಲ." ಆ ಹುಡುಗನ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಅಂತ ಈಗಲೂ ಪೇಚಾಡುತ್ತಾರೆ. ಅದಾದ ಮೇಲೆ ನಾನು ದಾರಿಯಲ್ಲಿ ನಿಂತ ಯಾರ ಗಾಡಿಯನ್ನೂ ದಾಟಿ ಹೋಗಿಲ್ಲ. ನನ್ನ ಬ್ಯಾಗಿನಲ್ಲಿ ಒಂದು ಮೀಟರ್ ಪೈಪ್ ಯಾವಾಗಲೂ ಇರುತ್ತೆ.

 ನನಗೆ ಭಾಗಾಕಾರ ಕಲಿಸಿದ ಈ ಶಾಲೆಗೆ ಸಾಷ್ಟಾಂಗ ನಮಸ್ಕಾರ.